ಹೊಸ ಗಾಡಿ ತೊಳೆಯುತ್ತಿದ್ದ ಮಾಣಿಕಪ್ಪ

ಮಾಣಿಕಪ್ಪ ಯಾವುದನ್ನೂ ಅಂಗೈಯಿಂದ ಮುಟ್ಟಿ ನೋಡುತ್ತಿರಲಿಲ್ಲ. ಕೈ ತಿರುವಿ ಬೆರಳಿನ ಹಿಂದಿನ ಮಗ್ಗಲಿನಿಂದ ಸವರುತ್ತಿದ್ದ. ಕಲ್ಲಂಗಡಿ ಇರಲಿ, ಹೊಸ ಕೌದಿ ಇರಲಿ, ಜ್ವರ ಬಂದ ಕೂಸಿನ ಹೊಟ್ಟೆ ಇರಲಿ, ಹಾಗೇ. ಸೋಪು, ಆಸಿಡ್ಡು, ಪಾಲಿಶು ಹದಿನಾರು ವರ್ಷ ತಿಂದು ತಿಂದು ಅವನ ಅಂಗೈ ಒಣಗಿದ ಚಕ್ಕಳ ಆಗಿತ್ತು. ಬಿಸಿ ತವೆ ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಜೀವ ಇದ್ದದ್ದು ಕೈಯ ಹಿಂಭಾಗದಲ್ಲಿ ಮಾತ್ರ.

ನಾಸಿಕದ ಅಂಬಡ್‌ನಲ್ಲಿ ನಾವು ಇದ್ದ ಸಾಲುಕೋಣೆಗಳಲ್ಲಿ ಕೊನೆಯದು ಅವನದು, ಅದರ ಪಕ್ಕದ್ದು ನಮ್ಮದು. ನಾವು ಹುಮನಾಬಾದ್ ಕಡೆಯವರು, ಅವನು ಭಾಲ್ಕಿ ಕಡೆಯವನು. ನಮ್ಮ ಮನೆಯವರು ಕಾರ್ಖಾನೆಯಲ್ಲಿ ಲೇಥ್ ಓಡಿಸಿ ನಿವೃತ್ತರಾದರು, ಮಗ ಸುನೀಲ ಈಗ ಅಂಥದೇ ಇನ್ನೊಂದು ಕಾರ್ಖಾನೆಗೆ ಹೋಗುತ್ತಾನೆ. ಮಾಣಿಕಪ್ಪ ಒಂದು ಕಾರ್ ಶೋರೂಮಿನಲ್ಲಿ ಹೊಸ ಗಾಡಿ ತೊಳೆಯುವವನು. ಗಿರಾಕಿಗೆ ಕೊಡುವ ದಿನ ಗಾಡಿ ಹೊಳೆಯಬೇಕಲ್ಲ, ಆ ಕೆಲಸ. ಗಿಡ್ಡ ಮನುಷ್ಯ. ಪ್ಯಾಂಟು ಯಾವಾಗಲೂ ಮೊಳಕಾಲಿಗೆ ಮಡಚಿರುತ್ತಿತ್ತು, ಭಾನುವಾರ ಕೂಡ. ಕಾಲಬೆರಳು ನೀರಲ್ಲಿ ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ.

ಅವನದು ಒಂದೇ ಮಾತು. "ತೊಳದ ಮ್ಯಾಲ ನೋಡಮ್ರಿ." ಹೊಸ ಬಾಡಿಗೆದಾರ ಹೇಗೆ? ತೊಳದ ಮ್ಯಾಲ ನೋಡಮ್ರಿ. ಈ ಸಲದ ನಗರಸೇವಕ ಹೇಗೆ? ತೊಳದ ಮ್ಯಾಲ ನೋಡಮ್ರಿ. ನನ್ನ ತಂಗಿಯ ಮಗಳಿಗೆ ಒಂದು ಗಂಡು ಬಂದಾಗಲೂ ಇದನ್ನೇ ಅಂದ.

"ಗಂಡಸಿಗಿ ಹೆಂಗ ತೊಳೀತಿಯೋ?" ಅಂತ ಕೇಳಿದೆ.

"ಒಂದು ಮಳಿಗಾಲ ತಡೀರಿ ಅಕ್ಕಾ. ಬಣ್ಣ ಹೋಗೋದಿದ್ರ ಹೋಗ್ತದ."

ದೇವಳಾಲಿ ಕ್ಯಾಂಪಿನಲ್ಲಿ ಸ್ಟೀಲಿನ ನೀರಿನ ಡ್ರಮ್ಮು ತರಲು ಅವನನ್ನು ಕರೆದುಕೊಂಡು ಹೋದದ್ದು ನನ್ನ ದಡ್ಡತನ. ನೀರು ತುಂಬಿ ತೋರಿಸಿ ಅಂದ. ಅಂಗಡಿಯವನು ನಕ್ಕ, ಇವನು ನಗಲಿಲ್ಲ. ಪಕ್ಕದ ಚಹಾದವನ ನಳದಿಂದ ತಾನೇ ಬಕೆಟ್ ಹೊತ್ತು ತುಂಬಿದ. ಸುತ್ತಲೂ ಕೈ ಹಿಂಭಾಗ ಸವರಿದ. ಬೆಸುಗೆಯ ಹತ್ತಿರ ಬೆವರಿನಷ್ಟು ನೀರು. ಖಾಲಿ ಮಾಡಿ ಇನ್ನೊಂದು ತುಂಬಿದ, ಅದೂ ಹಾಗೇ. ಮೂರನೆಯದೂ ಹಾಗೇ. ನಾಲ್ಕನೆಯದನ್ನು ಅಂಗಡಿಯವನು ಒಳಗಿನಿಂದ ತಂದು, ಒಯ್ದು ಉಪಕಾರ ಮಾಡಿ ಅಂತ ಕೈಮುಗಿದ. ಎರಡು ತಾಸು ಬಿಸಿಲಲ್ಲಿ ನಿಂತದ್ದಕ್ಕೆ ಮನೆ ಮುಟ್ಟುವ ತನಕ ಮಾಣಿಕಪ್ಪನನ್ನು ಬೈದೆ. ಆ ಡ್ರಮ್ಮು ಇನ್ನೂ ಸೋರಿಲ್ಲ ಅನ್ನುವುದು ಬೇರೆ ಮಾತು.

ಇಷ್ಟು ಪರೀಕ್ಷೆ ಮಾಡುವವನು ತನ್ನ ಶೋರೂಮಿನ ವಿಷಯಕ್ಕೆ ಮಾತ್ರ ಮೂಗ. ನಮ್ಮ ಓಣಿಯ ಮಾಸ್ತರರೊಬ್ಬರು ಅಲ್ಲೇ ಕಾರು ತಗೊಂಡರು. ಮೊದಲ ಮಳೆಗೇ ಒಳಗೆ ಕಾಲಡಿ ನೀರು ನಿಂತಿತು. ಆರು ತಿಂಗಳು ತಿರುಗಿದರು ಪಾಪ, ಇವತ್ತು ಬಾ ನಾಳೆ ಬಾ ಅನ್ನಿಸಿಕೊಂಡು. ಒಂದು ದಿನ ನಾನು ಮಾಣಿಕಪ್ಪನನ್ನು ಹಿಡಿದು ನಿಲ್ಲಿಸಿದೆ.

"ತೊಳದವ ನೀನೇ. ಒಳಗ ನೀರು ಹೋಗ್ತದ ಅಂತ ನಿನಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರಿ."

"ಮತ್ತ ಬಾಯಾಗ ಏನ್ ಇಟ್ಕೊಂಡಿದ್ದಿ?"

"ಆರು ಮಂದಿ ಊಟ ಇಟ್ಕೊಂಡಿದ್ದೆರಿ ಅಕ್ಕಾ," ಅಂದ. "ನನಕಿಂತ ಮೊದಲ ಅಲ್ಲಿ ತೊಳೀತಿದ್ದವ ಗಿರಾಕಿ ಮುಂದ ಒಂದು ಮಾತು ಅಂದಿದ್ದ. ಸಂಜಿಗಿ ಮನಿಗಿ ಕಳಸಿದ್ರು. ಆ ಜಾಗಾದಾಗೇ ನಾ ಬಂದೀನಿ."

ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ಆಮೇಲೆ ನಮಗೇ ಗಾಡಿ ಬೇಕಾಯಿತು. ನಮ್ಮ ಮನೆಯವರು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಶನ್ ಆದ ಮೇಲೆ ಬಸ್ಸು ಹತ್ತುವಂತಿಲ್ಲ, ಆಟೋದಲ್ಲಿ ಬಗ್ಗಿ ಕೂಡುವಂತಿಲ್ಲ. ಸೀಟು ಕುರ್ಚಿಯ ಎತ್ತರಕ್ಕೆ ಇರಬೇಕು, ಬಾಗಿಲು ಅಗಲ ತೆರೆಯಬೇಕು, ಗಾಡಿ ಬಿಳಿಯದು, ಹೊಸದು ಇರಬೇಕು. ಇಷ್ಟೇ ನಮ್ಮ ಬೇಡಿಕೆ. ಮಾಣಿಕಪ್ಪನ ಬಾಯಿ ನೋಡಿದ್ದ ನಾನು ಅವನ ಶೋರೂಮು ಬೇಡವೇ ಬೇಡ ಅಂದೆ. ನಾಸಿಕದಲ್ಲಿ ಬೇರೆ ಮೂರು ಶೋರೂಮು ಹತ್ತಿ ಇಳಿದೆವು.

ಮೊದಲನೆಯದರಲ್ಲಿ ಟೈ ಕಟ್ಟಿದವನೊಬ್ಬ ಸುನೀಲನ ಜೊತೆ ಮಾತ್ರ ಮಾತಾಡಿದ. ನನಗೆ ಒಂದು ಮಾತು ಮೀಸಲಿಟ್ಟಿದ್ದ. "ಆಯೀ, ಇದರ ಮಾಡು ತೆರೆದರೆ ಒಳಗಿಂದಲೇ ಆಕಾಶ ಕಾಣುತ್ತದೆ." ಆಕಾಶ ನಮ್ಮ ಮನೆ ಮುಂದೂ ಇದೆ, ಇವರು ಹೇಗೆ ಕೂಡುವುದು ಅದನ್ನು ಹೇಳು ಅಂದೆ. ಕಾಗದ ನೋಡಿ ಹೇಳುತ್ತೇನೆ ಅಂತ ಒಳಗೆ ಹೋದವನು ಹೊರಗೆ ಬರಲಿಲ್ಲ. ಎರಡನೆಯವರು ಹದಿನೈದು ದಿನ ಅಂದರು. ಎರಡು ತಿಂಗಳು ಕಳೆದ ಮೇಲೆ, ಬಿಳಿಯದು ಬರುವುದೇ ಇಲ್ಲ, ಕಂದು ಬಣ್ಣದ್ದು ನಾಳೆಯೇ ಒಯ್ಯಿರಿ ಅಂದರು. ಮೂರನೆಯವರು ಸೀಟಿನ ಪ್ಲಾಸ್ಟಿಕ್ಕು ಕೂಡ ತೆಗೆಯದ ಗಾಡಿ ತೋರಿಸಿದರು. ಬಂತಲ್ಲ ಒಂದು ಸರಿಯಾದದ್ದು ಅಂದುಕೊಳ್ಳುವಷ್ಟರಲ್ಲಿ ಸುನೀಲ ಮೀಟರು ನೋಡಿದ. ಗಾಡಿ ಆಗಲೇ ನೂರಾರು ಕಿಲೋಮೀಟರು ಓಡಿಬಿಟ್ಟಿತ್ತು.

"ಯಾರ್ಡಿನಿಂದ ಇಲ್ಲಿಗೆ ಬಂತಲ್ಲ ಆಯೀ," ಅಂದ ಅಲ್ಲಿಯವನು.

"ನಿಮ್ಮ ಯಾರ್ಡು ಕಾಶಿಯಲ್ಲಿದೆಯೇನು?" ಅಂದೆ.

ಅಷ್ಟರಲ್ಲಿ ಮಾಣಿಕಪ್ಪನ ಧಣಿ ನಾಲ್ಕು ತಾಸು ದೂರದ ಸಂಭಾಜಿನಗರದಲ್ಲಿ ಇನ್ನೊಂದು ಶೋರೂಮು ತೆಗೆದು ಇವನನ್ನು ಅಲ್ಲಿಗೆ ಕಳಿಸಿದ್ದ. ಹೆಂಡತಿ ಮಕ್ಕಳು ಇಲ್ಲೇ, ಇವನು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಅಲ್ಲಿ ಬಿಳಿ ಗಾಡಿ ಸಿದ್ಧ ಇದೆ ಅಂತ ಸುನೀಲನಿಗೆ ಫೋನು ಬಂತು.

"ಅವ್ವಾ, ಕಾಕಾ ಅಲ್ಲೇ ಅದಾರಲ್ಲ. ಆಪ್ಲಾ ಮಾಣೂಸ್!" ಅಂದ. ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುವುದು ಅವನ ರೂಢಿ. ನಮ್ಮ ಮನುಷ್ಯ ಒಳಗಿರುವಾಗ ಯಾರು ಮೋಸ ಮಾಡುತ್ತಾರೆ ಅಂತ ಅವನ ನಂಬಿಕೆ. ಮೂರು ಕಡೆ ಅಲೆದು ನನಗೂ ಸಾಕಾಗಿತ್ತು. ಮಾಣಿಕಪ್ಪ ಮನೆಗೆ ಬಂದಾಗ ಕೇಳಿದೆ.

"ಖರೆ ಹೇಳು. ಅಲ್ಲಿ ತಗೋಬೇಕೋ ಬ್ಯಾಡೋ?"

"ಬರ್ರಿ ಅಂತನೂ ಅನ್ನಲ್ಲ, ಬ್ಯಾಡ ಅಂತನೂ ಅನ್ನಲ್ರಿ."

"ನಿನ್ನ ಬಾಯಾಗ ಮಣ್ಣ ಹಾಕ!"

"ನಿಮ್ಮ ಗಾಡಿ ನಾನೇ ತೊಳೀತೀನಿ ಅಕ್ಕಾ. ಅಷ್ಟು ಮಾತ್ರ ಹೇಳ್ತೀನಿ."

ಶುಕ್ರವಾರ ಗಾಡಿ ಕೊಡುತ್ತೇವೆ ಅಂದರು. ಹತ್ತೂವರೆಗೆ ರಾಹುಕಾಲ, ಅದರೊಳಗೆ ಪೂಜೆ ಆಗಬೇಕು ಅಂತ ನಾನು ಮೊದಲೇ ಹೇಳಿಸಿದ್ದೆ. ಬೆಳಗಿನ ಜಾವಕ್ಕೆ ಬಾಡಿಗೆ ಗಾಡಿಯ ಹಿಂದಿನ ಸೀಟಿನಲ್ಲಿ ನಮ್ಮವರನ್ನು ದಿಂಬು ಕೊಟ್ಟು ಮಲಗಿಸಿಕೊಂಡು ಹೊರಟು ಒಂಬತ್ತಕ್ಕೆ ಮುಟ್ಟಿದೆವು. ಶೋರೂಮಿನಲ್ಲಿ ಬಲೂನು, ಕೇಕು, ಫೋಟೋ ತೆಗೆಸಿಕೊಳ್ಳಲು ಮಾರುದ್ದದ ರಟ್ಟಿನ ಕೀಲಿ. ಎಲ್ಲ ಇತ್ತು, ಗಾಡಿ ಒಂದಿರಲಿಲ್ಲ. ತೊಳೆಯುತ್ತಿದ್ದಾರೆ, ಬಂತು ಅಂದರು. ಒಂಬತ್ತೂವರೆ ಆಯಿತು. ಹತ್ತಾಯಿತು. ನಾನು ನಿಂಬೆಹಣ್ಣು ತೆಂಗಿನಕಾಯಿ ಚೀಲ ಸುನೀಲನ ಕೈಗಿಟ್ಟು ಹಿಂದಿನ ಯಾರ್ಡಿಗೆ ಹೋದೆ.

ಬಿಳಿ ಗಾಡಿ ಒಣಗಿ ಹೊಳೆಯುತ್ತಿತ್ತು. ಎಡಗಡೆಯ ಹಿಂದಿನ ಬಾಗಿಲೊಂದಕ್ಕೆ ಮಾತ್ರ ನೊರೆ. ಮಾಣಿಕಪ್ಪ ಅದನ್ನೇ ಉಜ್ಜುತ್ತಿದ್ದ.

"ಏ ಮಾಣಿಕಪ್ಪಾ, ಹೊತ್ತು ಎಷ್ಟಾಗ್ಯಾದ ಖಬರ ಅದ ಏನು?"

"ಅದರಿ."

"ಮತ್ತ?"

"ಇದೊಂದು ಬಾಗಿಲಾ ಉಳದದ."

ನೀರು ಹೊಯ್ದ, ಒರೆಸಿದ, ನೋಡಿದ, ಮತ್ತೆ ಸೋಪು ಹಚ್ಚಿದ. ನನಗೆ ತಲೆ ಕೆಟ್ಟಿತು.

"ಮೈಗಳ್ಳ! ಒಳಗ ನಮ್ಮವರು ಸೊಂಟ ಹಿಡ್ಕೊಂಡು ಕುಂತಾರ, ನೀ ಇಲ್ಲಿ ಎಮ್ಮಿ ತೊಳದಂಗ ತೊಳೀಲಾಕತ್ತಿ. ನಮ್ಮವ ಅಂತ ನಿನ್ನ ನಂಬಿ ಬಂದೀವಲ್ಲ, ನಮಗ ಬುದ್ಧಿ ಇಲ್ಲ."

ಅವನು ಸ್ಪಂಜು ಕೆಳಗಿಟ್ಟ. ಗೇಟಿನ ಕಡೆ ಒಮ್ಮೆ ನೋಡಿದ.

"ಎಷ್ಟು ತೊಳದ್ರೂ ಇದೊಂದು ಬಾಗಿಲಾ ಸಮಾ ಆಗವಲ್ದರಿ ಅಕ್ಕಾ. ನೀವೇ ನೋಡ್ರಿ."

ನನ್ನ ಕೈ ಹಿಡಿದ. ಇಷ್ಟು ವರ್ಷದಲ್ಲಿ ಎಂದೂ ಹಿಡಿದವನಲ್ಲ. ಕೈ ತಿರುವಿ, ಬೆರಳಿನ ಹಿಂಭಾಗವನ್ನು ಮೊದಲು ಮುಂದಿನ ಬಾಗಿಲ ಮೇಲೆ ಎಳೆದ, ಆಮೇಲೆ ಹಿಂದಿನದರ ಮೇಲೆ. ಮುಂದಿನದು ಎಣ್ಣೆ ಸವರಿದ ಹಾಗಿತ್ತು. ಹಿಂದಿನದರ ಬಣ್ಣದಲ್ಲಿ ಸಣ್ಣ ರವೆ. ಐವತ್ತು ವರ್ಷ ಜೋಳದ ರೊಟ್ಟಿ ಬಡಿದವಳು ನಾನು, ಹಿಟ್ಟಿನಲ್ಲಿ ಒಂದು ಹರಳಿದ್ದರೆ ಗೊತ್ತಾಗುತ್ತದೆ. ಆಮೇಲೆ ಎರಡೂ ಬಾಗಿಲು ತೆರೆದು, ಅವು ತೂಗಿಬಿದ್ದ ಬಿಜಾಗರಿಗಳ ಬೋಲ್ಟುಗಳನ್ನು ಬಟ್ಟೆಯಿಂದ ಒರೆಸಿ ಪಕ್ಕಕ್ಕೆ ಸರಿದು ನಿಂತ. ಮುಂದಿನ ಬಾಗಿಲಿನ ಬೋಲ್ಟಿನ ಮೇಲೆ ಬಣ್ಣ ಒಡೆಯದೆ ಹಾಗೇ ಇತ್ತು. ಹಿಂದಿನದರ ಬೋಲ್ಟಿನ ಮೂಲೆಗಳಲ್ಲಿ ಒಡೆದಿತ್ತು. ಯಾರೋ ಪಾನಾ ಹಾಕಿ ತಿರುವಿ ಬಾಗಿಲು ಬಿಚ್ಚಿದ್ದರು.

"ನಾ ಏನೂ ಅಂದಿಲ್ರಿ," ಅಂದ. "ನಾ ತೊಳೀಲಾಕತ್ತಿದ್ದೆ, ನೀವು ಬಂದ್ರಿ, ನೋಡೀರಿ. ಇಷ್ಟೇ."

"ತಿಳೀತು," ಅಂದೆ.

ತಿಳಿದಿತ್ತು. ಮುಂದೆ ಮಾಡಿದ್ದನ್ನು ತಿಳಿಯದೆ ಮಾಡಿದೆ ಅಂತ ಹೇಳಿಕೊಳ್ಳುವ ಹಾಗಿಲ್ಲ.

ಮ್ಯಾನೇಜರನ ಗಾಜಿನ ಕೋಣೆಗೆ ಹೋಗಿ ಬಾಗಿಲಿಗೆ ಬಣ್ಣ ಹೊಡೆದಿದ್ದೀರಿ ಅಂದೆ. ಅವನು ನಕ್ಕ. "ಆಯೀ, ಕಂಪನಿಯಿಂದ ಬಂದ ಗಾಡಿ. ಈ ವಯಸ್ಸಿಗೆ ಕಣ್ಣು ಹೀಗೇ." ಸುನೀಲನ ಕಡೆ ತಿರುಗಿ, ಪೂಜೆ ಮುಗಿಸಿಬಿಡಿ, ನಿಮ್ಮ ತಾಯಿಯವರ ಮುಹೂರ್ತ ಮೀರುತ್ತದೆ ಅಂದ. ಪೂಜೆ ಆದ ಗಾಡಿಯನ್ನು ನಮ್ಮ ಮಂದಿ ತಿರುಗಿ ಕೊಡುವುದಿಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸುನೀಲನೂ "ಅವ್ವಾ, ಜಾವೂ ದೇ ನಾ," ಅಂದ. ಹೋಗಲಿ ಬಿಡು ಅಂತೆ. ಹೊಟ್ಟೆಯಲ್ಲಿ ಹುಟ್ಟಿದವನು.

ಬೋಲ್ಟು ತೋರಿಸಬಹುದಿತ್ತು. ಮ್ಯಾನೇಜರನನ್ನೇ ಎಳೆದುಕೊಂಡು ಹೋಗಿ ಬಾಗಿಲು ಮುಟ್ಟಿಸಬಹುದಿತ್ತು. ಅದೆಲ್ಲ ಬಿಟ್ಟು, ಇಡೀ ಶೋರೂಮಿಗೆ ಕೇಳುವ ಹಾಗೆ ಮರಾಠಿಯಲ್ಲಿ ಒದರಿದೆ. "ನನ್ನ ಕಣ್ಣಿನ ಮಾತು ಬಿಡು. ನಿನ್ನ ಮಾಣಿಕಪ್ಪನನ್ನು ಕೇಳು, ಹದಿನಾರು ವರ್ಷ ಗಾಡಿ ತೊಳೆದವನು. ಅವನೇ ತೋರಿಸಿದ್ದು!"

ಕರೆಸಿದರು. ಫರಶಿಯ ಮೇಲೆ ನೀರು ತೊಟ್ಟಿಕ್ಕುತ್ತದೆ ಅಂತ ಅವನು ಕಾಲೊರಸಿನ ಮೇಲೇ ನಿಂತ. ನೀನು ತೋರಿಸಿದೆಯಾ ಅಂತ ಮ್ಯಾನೇಜರ ಕೇಳಿದ. ಇಲ್ಲ ಅನ್ನುತ್ತಾನೆ ಅಂತ ಕಾದೆ. ಹಾಗೆ ಅನ್ನಲು ಬರಲಿ ಅಂತಲೇ ಅಷ್ಟು ಜೋಪಾನ ಮಾಡಿದ್ದನಲ್ಲ. ಅವನು ನನ್ನನ್ನು ನೋಡಿದ. ಇಲ್ಲ ಅಂದರೆ ನಾನು ಸುಳ್ಳಿ ಆಗುತ್ತಿದ್ದೆ, ಆ ಬಾಗಿಲು ನಮ್ಮ ಮನೆಗೆ ಬರುತ್ತಿತ್ತು.

"ಹೌದು ಸಾಹೇಬ್. ಟ್ರೇಲರಿನಿಂದ ಇಳಿಸುವಾಗ ಬಡಿದಿದೆ. ಬಾಗಿಲು ಬದಲಿಸಿದ್ದಾರೆ."

ಇಷ್ಟು ಹೇಳಿ ಹಿಂದಕ್ಕೆ ಹೋದ.

ಆಮೇಲೆ ಎಲ್ಲರೂ ಬಹಳ ಮೆತ್ತಗಾದರು. ಹನ್ನೆರಡರ ನಂತರ ಇನ್ನೊಂದು ಬಿಳಿ ಗಾಡಿ ಬಂತು. ಅದನ್ನು ತೊಳೆದದ್ದು ಬೇರೆಯವನು. ನಾಲ್ಕೂ ಬಾಗಿಲು ಸವರಿದೆ, ಬೋಲ್ಟು ನೋಡಿದೆ. ನಮ್ಮವರು ಕಾಲು ಕೈಯಿಂದ ಎತ್ತಿಕೊಳ್ಳದೆ ಕೂತರು. ರಟ್ಟಿನ ಕೀಲಿಯನ್ನು ನಾನು ಹಿಡಿಯಲಿಲ್ಲ.

ಎಂಟು ದಿನಕ್ಕೆ ಮಾಣಿಕಪ್ಪನನ್ನು ಕೆಲಸದಿಂದ ಬಿಡಿಸಿದರು. ಕಾರಣ, ಕೆಲಸ ನಿಧಾನ. ಒಂದು ಬಾಗಿಲಿಗೆ ಒಂದು ತಾಸು ಹಿಡಿದನಂತೆ. ಅದೇ ವಾರ ಶೋರೂಮಿನಿಂದ ಸುನೀಲನಿಗೆ ಫೋನು, ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತ. ಹತ್ತು ಕೊಟ್ಟ. ಕಡಿಮೆ ಕೊಟ್ಟರೆ ಆ ಸೇಲ್ಸ್‌ಮನ್ನನ ಪಗಾರಕ್ಕೆ ಪೆಟ್ಟು ಬೀಳುತ್ತದಂತೆ, ಪಾಪ. ಎರಡು ದಿನ ಮಗನ ಜೊತೆ ಮಾತು ಬಿಟ್ಟೆ. ಅವನನ್ನು ಬೈಯುವುದಕ್ಕಾದರೂ ನನಗೇನು ಮುಖ ಇತ್ತು?

ಮಾಣಿಕಪ್ಪನಿಗೆ ಕೆಲಸ ಕೊಡಿ ಅಂತ ಸುನೀಲನ ಕಾರ್ಖಾನೆಯಲ್ಲಿ ಕೇಳಿಸಿದೆ, ವಯಸ್ಸಾಗಿದೆ ಅಂದರು. ನಾಸಿಕದ ಶೋರೂಮುಗಳಿಗೆ ಇವನು ಹೋಗುವ ಮೊದಲೇ ಧಣಿಯ ಫೋನು ಹೋಗಿರುತ್ತಿತ್ತು. ಅವನ ಹೆಂಡತಿ ನಳದ ಹತ್ತಿರ ನನ್ನ ಜೊತೆ ಮಾತಾಡುವುದು ಬಿಟ್ಟಳು. ದೀಪಾವಳಿಯ ಮೊದಲೇ ಕೋಣೆ ಖಾಲಿ ಮಾಡಿದರು. ಎಲ್ಲಿಗೆ ಅಂತ ನನಗೆ ಹೇಳಲಿಲ್ಲ. ನಾನಾಗಿದ್ದರೂ ಹೇಳುತ್ತಿರಲಿಲ್ಲ.

ಘೋಟಿಯಲ್ಲಿ ಹೆದ್ದಾರಿ ಬದಿಯ ವಾಶಿಂಗ್ ಸೆಂಟರಿನಲ್ಲಿ ಲಾರಿ ತೊಳೆಯುತ್ತಾನೆ ಅಂತ ಯಾರೋ ಹೇಳಿದರು. ಸುನೀಲನ ಬೆನ್ನು ಹತ್ತಿ ಹೋದೆ. ಈರುಳ್ಳಿ ಲಾರಿಯ ಕೆಸರಿಗೆ ಪೈಪು ಹಿಡಿದು ನಿಂತಿದ್ದ. ಕರಗಿ ಅರ್ಧ ಆಗಿದ್ದ. ನನ್ನನ್ನು ನೋಡಿ ಪಂಪು ಬಂದ್ ಮಾಡಿದ.

"ನನ್ನ ಮ್ಯಾಲ ಸಿಟ್ಟದ ಏನೋ?" ಅಂದೆ.

"ಅದರಿ ಅಕ್ಕಾ."

ಇಲ್ಲ ಅನ್ನುತ್ತಾನೆ ಅಂದುಕೊಂಡು ಮುಂದಿನ ಮಾತು ತಯಾರು ಮಾಡಿಕೊಂಡು ಹೋಗಿದ್ದೆ.

"ಮುಂಜಾನಿ ಎದ್ದಾಗ ಭಾಳ ಇರ್ತದ. ಕೆಲಸಕ್ಕ ಹತ್ತಿದ ಮ್ಯಾಲ ಕಡಿಮಿ ಆಗ್ತದ," ಅಂದ. ಆಮೇಲೆ, "ಮಾಮಾ ಗಾಡ್ಯಾಗ ಕೂತು ಏಳ್ತಾರಿ?"

"ಏಳ್ತಾರ."

"ಬಾಗಿಲಾ?"

"ಚಲೋ ಅವ."

ತಲೆಯಾಡಿಸಿದ. ಲಾರಿಯವನು ಹಾರ್ನ್ ಹೊಡೆದ. "ಆಚೀಗಿ ಸರೀರಿ ಅಕ್ಕಾ, ಸೀರಿ ತೊಯ್ತದ," ಅಂತ ಪಂಪು ಹಚ್ಚಿದ. ಆ ಸದ್ದಿನಲ್ಲಿ ಇನ್ನೇನು ಮಾತು. ಮುಂದಿನ ಸಲ ಹೋದಾಗ ಅಲ್ಲಿ ಬೇರೆ ಮನುಷ್ಯ ಇದ್ದ.

ನಮ್ಮ ಗಾಡಿ ಇವತ್ತಿಗೂ ತಂಟೆ ಮಾಡಿಲ್ಲ. ಅದಕ್ಕೇ ಗಾಡಿ ಕೊಳ್ಳುವ ನಮ್ಮ ಕಡೆಯ ಮಂದಿ ಮನೆಗೆ ಬಂದು ಯಾವ ಶೋರೂಮು ನಂಬಬಹುದು ಅಂತ ಕೇಳುತ್ತಾರೆ. ನನಗೆ ಗೊತ್ತಿಲ್ಲ ಅನ್ನುತ್ತೇನೆ. ಕೆಲವರು ಬಿಡುವುದಿಲ್ಲ. ಹಾಗಾದರೆ ಆ ತೊಳೆಯುವವನನ್ನೇ ಕರೆದುಕೊಂಡು ಹೋಗುತ್ತೇವೆ, ಎಲ್ಲಿದ್ದಾನೆ ಹೇಳಿ ಅನ್ನುತ್ತಾರೆ. ಅವನಿಗೆ ಮತ್ತೆ ಒಂದು ಕಡೆ ಹೊಸ ಗಾಡಿ ತೊಳೆಯುವ ಕೆಲಸವೇ ಸಿಕ್ಕಿದೆ ಅಂತ ನನ್ನ ಕಿವಿಗೆ ಬಿದ್ದಿದೆ. ಯಾವ ಊರು ಅಂತಲೂ ಗೊತ್ತು. ಹೇಳುವುದಿಲ್ಲ. ನಾನು ಇಲ್ಲಿ ಹೇಳಿದ ಭಾಲ್ಕಿ ಅವನ ಊರಲ್ಲ, ಮಾಣಿಕಪ್ಪ ಅನ್ನುವುದು ಅವನ ಹೆಸರೂ ಅಲ್ಲ.