ಹತ್ತಿರದ ಬಾವಿಗೆ ಹೆಚ್ಚು ತೂಕ

ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ಭಾಷಣ ಕೇಳುವವನು ಯಾರು ಗೊತ್ತೇ? ಕೊನೆಗೆ ವಂದನಾರ್ಪಣೆ ಮಾಡಬೇಕಾದವನು. ಉಳಿದವರು ಆಕಳಿಸಬಹುದು, ಪಕ್ಕದವರ ಹತ್ತಿರ ಬಂಗಡೆ ಮೀನಿನ ರೇಟು ವಿಚಾರಿಸಬಹುದು. ಅವನಿಗೆ ಆ ಸ್ವಾತಂತ್ರ್ಯವಿಲ್ಲ. ಕುಮಟೆಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಇಡೀ ನೌಕರಿಯನ್ನು ವಂದಿಸುತ್ತಲೇ ಕಳೆದವನು. ಹಾಗಾಗಿಯೇ, ಲೆಕ್ಕವೆಂದರೆ ಮಾರು ದೂರ ಹಾರುವ ನಾನು ಸಂಖ್ಯಾಶಾಸ್ತ್ರದ ಕಾರ್ಯಾಗಾರವೊಂದರಲ್ಲಿ ಮುಂದಿನ ಸಾಲಿನಲ್ಲೇ ಕೂರುವಂತಾಯಿತು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದ ಕಾಲ ಅದು.

ಬ್ಯಾನರಿನ ಕನ್ನಡವೂ ನನ್ನ ತಲೆಗೇ ಬಂತು. 'ಸ್ಪೇಸು, ಟೈಮು' ಎಂದು ಗಣಿತದವರು ಹೇಳಿದ್ದೇ ತಡ, 'ದೇಶಕಾಲ' ಎಂದು ಬರೆದುಕೊಟ್ಟೆ. ನಮಗೇನು ಹೊಸದೇ ಇದು? ಭಟ್ಟರು ಪೂಜೆಗೆ ಕೂತರೆ ಯಾವ ದ್ವೀಪ, ಯಾವ ನದಿಯ ಯಾವ ದಡ, ಯಾವ ಸಂವತ್ಸರ, ಯಾವ ತಿಥಿ ಎಂದು ಸಂಕಲ್ಪದಲ್ಲಿ ಹೇಳಿಯೇ ಮುಂದುವರಿಯುತ್ತಾರೆ. ಎಲ್ಲೆಲ್ಲೂ ಇರುವ ದೇವರಿಗೂ ನಮ್ಮ ವಿಳಾಸ ಹೇಳದೆ ನಡೆಯುವುದಿಲ್ಲ. ಬ್ಯಾನರ್ ನೋಡಿದ ಇಬ್ಬರು ಹಿರಿಯರು ಪಂಚಾಂಗದ ಗೋಷ್ಠಿಯೆಂದೇ ತಿಳಿದು ಬಂದು ಕೂತರು. ಊಟ ಮುಗಿಸಿಯೇ ಎದ್ದರು.

ಧಾರವಾಡದ ಕಡೆಯಿಂದ ಬಂದಿದ್ದ ಸುಮತಿ ಮೇಡಂ ಗೋಡೆಯ ಮೇಲೆ ನಮ್ಮ ಕರಾವಳಿಯ ನಕ್ಷೆ ಮೂಡಿಸಿದರು. ಭಟ್ಕಳದಿಂದ ಹೊನ್ನಾವರ ದಾಟಿ ಕುಮಟೆಯವರೆಗೆ ಅಲ್ಲಲ್ಲಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ಬಾವಿ. ಯಾವ ತಿಂಗಳಲ್ಲಿ ಅದರ ನೀರು ಎಷ್ಟು ಉಪ್ಪು ಎಂದು ಅಳೆದಿಟ್ಟಿದ್ದರು. "ಹಂಗಾರ ಬಾವಿನ ಇಲ್ಲದ ಜಾಗಾದಾಗ?" ಎಂದು ಕೇಳಿ ಅವರೇ ಉತ್ತರ ಕೊಟ್ಟರು: ಸುತ್ತಲಿನ ಬಾವಿಗಳನ್ನು ಕೇಳಬೇಕು. ಹತ್ತಿರದ್ದರ ಮಾತಿಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ಒಂದು ಗುಂಡಿ ಒತ್ತಿದರು ನೋಡಿ, ಚುಕ್ಕೆಗಳ ನಡುವಿನ ಖಾಲಿಯೆಲ್ಲ ಬಣ್ಣ ತುಂಬಿಕೊಂಡಿತು! ತಿಂಗಳು ಸರಿದ ಹಾಗೆ ಶರಾವತಿ, ಅಘನಾಶಿನಿಯರ ದಡದಗುಂಟ ಉಪ್ಪಿನ ಕೆಂಪು ಒಳಕ್ಕೆ ಏರಿತು, ಮಳೆ ಬಿದ್ದದ್ದೇ ಹಿಂದೆ ಸರಿಯಿತು. ಯಾರೂ ಅಗೆಯದ ನೆಲದ ನೀರು, ಇನ್ನೂ ಬಾರದ ತಿಂಗಳ ನೀರು! ನನಗೆ ಮೈ ಜುಮ್ಮೆಂದಿತು.

ಅದಕ್ಕಿಂತ ದೊಡ್ಡ ಬೆರಗು ಮುಂದಿತ್ತು. "ಇದು ನಮಗ ಎಲ್ಲೆಲ್ಲಿ ಎಷ್ಟೆಷ್ಟು ಗೊತ್ತಿಲ್ಲ ಅನ್ನೂದರ ನಕ್ಷೆ" ಎಂದು ಇನ್ನೊಂದನ್ನು ತೋರಿಸಿದರು. ಬಾವಿಗಳು ದೂರವಾದಲ್ಲೆಲ್ಲ ಕಪ್ಪು. ನಾವು ಮೇಷ್ಟ್ರುಗಳು ಗೊತ್ತಿಲ್ಲದ ಜಾಗ ಬಂದರೆ ಕೆಮ್ಮುತ್ತೇವೆ, ಇಲ್ಲವೇ 'ಇದನ್ನು ಮನೆಯಲ್ಲಿ ಓದಿಕೊಳ್ಳಿ' ಎಂದು ಪುಟ ತಿರುವುತ್ತೇವೆ. ಈಕೆ ತಮ್ಮ ಅಜ್ಞಾನವನ್ನು ಅಳೆದು, ಬಣ್ಣ ಹಚ್ಚಿ, ಎಲ್ಲರೆದುರು ಗೋಡೆಗೇರಿಸಿದ್ದರು. ಕೂತಲ್ಲೇ ಕೈ ಮುಗಿಯಬೇಕೆನಿಸಿತು.

ಕುಮಟೆಯ ಹತ್ತಿರದ ಹಿರೇಗುತ್ತಿಯಲ್ಲಿದ್ದ ಅಕ್ಕನ ನೆನಪಾದದ್ದು ಆಗಲೇ. ಕೆಲವು ವರ್ಷಗಳಿಂದ ಅವಳ ಅಂಗಳದ ಬಾವಿ ಶಿವರಾತ್ರಿ ಕಳೆದದ್ದೇ ಉಪ್ಪಾಗುತ್ತಿತ್ತು. ಒಮ್ಮೆ ಅಲ್ಲಿ ಚಹಾ ಕುಡಿದ ನೆಂಟರು ಮತ್ತೆ ಮಳೆಗಾಲದಲ್ಲೇ ಬರುತ್ತಿದ್ದರು. ಹಿತ್ತಲ ಹಲಸಿನ ಬುಡದಲ್ಲಿ ಹೊಸ ಬಾವಿ ತೋಡಿಸುವುದು, ಅದೂ ಉಪ್ಪಾದರೆ ಮನೆ ಬಿಟ್ಟು ಕುಮಟೆಯಲ್ಲಿ ಬಾಡಿಗೆಗೆ ಹೋಗುವುದು ಎಂದು ಭಾವ ತೀರ್ಮಾನಿಸಿದ್ದರು. "ನಾ ಈ ಅಂಗಳ ಬಿಟ್ಟು ಎಲ್ಲಿಗೂ ಬರೂದಿಲ್ಲ" ಎಂದು ಅಕ್ಕ ಕಣ್ಣು ಒರೆಸಿಕೊಂಡಿದ್ದಳು. ನಾನು ಸಂಕೋಚ ಬಿಟ್ಟು ಮೇಡಂ ಹತ್ತಿರ ಹೋಗಿ, ಕಾರ್ಯಾಗಾರಕ್ಕೆ ಬಂದವರ ಅಭ್ಯಾಸಕ್ಕೆ ಹಿರೇಗುತ್ತಿಯೇ ಆಗಬಹುದಲ್ಲ ಎಂದೆ. ಅವರು ಒಪ್ಪಿದರು.

ಕಾರ್ಯಾಗಾರದವರು ಬಾಟಲಿ ಹಿಡಿದು ಊರ ಬಾವಿಗಳನ್ನೆಲ್ಲ ಸುತ್ತಿದರು. ಮುಂದೆ ನಿಂತು ದಾರಿ ತೋರಿಸಿದವಳು ಅಕ್ಕನೇ. ಮರುದಿನ ಮೇಡಂ ನಕ್ಷೆಯನ್ನು ಅಚ್ಚು ತೆಗೆಸಿಕೊಂಡು ಅಕ್ಕನ ಜಗಲಿಗೇ ಬಂದರು. ನೋಡಿದರೆ ಸರಿಯಾಗಿ ಅವಳ ಹಿತ್ತಲಿನ ಮೇಲೆಯೇ ಒಂದು ಕಪ್ಪು ಮಚ್ಚೆ.

"ಬೇಲಿ ಆಚೆ ಮನಿಯಾಗ ಬಾವಿ ಇಲ್ಲೇನ್ರಿ?" ಎಂದರು ಮೇಡಂ.

ಇತ್ತು. ಅದು ನಾಗವೇಣಿಯ ಬಾವಿ. ಬೇಲಿ ಒಂದು ಗೇಣು ಸರಿಯಿತೆಂಬ ವಿಷಯಕ್ಕೆ ಅವಳಿಗೂ ಅಕ್ಕನಿಗೂ ಮಾತು ನಿಂತು ವರ್ಷಗಳಾಗಿದ್ದವು. ಅಕ್ಕ ಆ ಮನೆಯೊಂದನ್ನು ತಪ್ಪಿಸಿ ಎಲ್ಲರನ್ನೂ ಊರು ಸುತ್ತಿಸಿದ್ದಳು. ಯಾರೂ ಬಾಯಿ ಬಿಡದ ನಮ್ಮ ಮನೆಯ ಜಗಳವನ್ನು ಧಾರವಾಡದ ಲೆಕ್ಕ ಪತ್ತೆ ಹಚ್ಚಿತ್ತಲ್ಲ, ನಾನು ಬೆಪ್ಪಾಗಿ ನಕ್ಷೆಯನ್ನೇ ನೋಡುತ್ತ ಕೂತೆ.

"ಅದೊಂದು ಇಲ್ದೇ ಇದ್ರೆ ಎಂತ ಆತು? ಊರಿಗೆ ಊರೇ ತೋರಿಸಿದೆನಲ್ಲ!" ಎಂದಳು ಅಕ್ಕ.

"ಊರಿನ ಬಾವಿ ಎಲ್ಲಾ ಕೂಡಿ ಹೇಳಿದ್ದಕ್ಕಿಂತ ಆ ಒಂದ ಬಾವಿ ಹೆಚ್ಚು ಹೇಳ್ತದರೀ ಅಕ್ಕಾರ."

ಅಕ್ಕ ತಂಬಿಗೆ ಎತ್ತಿಕೊಂಡು, ಸೆರಗು ಸಿಕ್ಕಿಸಿಕೊಂಡು, ರಸ್ತೆ ಬಳಸಿ ಆಚೆ ಮನೆಗೆ ಹೊರಟೇ ಬಿಟ್ಟಳು. ಬೇಲಿಯ ಸಂದಿಯಿಂದ ನಾಗವೇಣಿಯ ದನಿ ಕೇಳಿಸಿತು: "ತಂಬಿಗೆ ನೀರು ಕೇಳೂಕೆ ಧಾರವಾಡದಿಂದ ಜನ ಬರಬೇಕಾತಾ? ಹಿಡಿ, ತುಂಬಾ ಕೊಡ್ತೆ." ಅಕ್ಕ ಮರಳಿ ಬಂದು "ಸಿಹಿ ಅದೆ, ಬೇಸಿಗೆಲೂ ಹಿಂಗೇ ಅಂತೆ" ಎಂದಳು, ಮುಖ ಮಾತ್ರ ಇನ್ನೂ ಉಪ್ಪಾಗಿಯೇ ಇತ್ತು.

ಆ ಒಂದು ತಂಬಿಗೆಯಿಂದ ನಕ್ಷೆಯೇ ಬದಲಾಯಿತು. ಹಲಸಿನ ಬುಡ ಕೆಂಪು. ಸಿಹಿನೀರಿನ ಆಸೆ ಇದ್ದದ್ದು ಬೇಲಿಗೆ ತಾಗಿದ ಜಾಗದಲ್ಲಿ, ಜಗಳ ನಡೆದ ಆ ಗೇಣಿನಲ್ಲಿ! "ಖಾತ್ರಿ ಕೊಡಾಕ ಬರಂಗಿಲ್ಲ. ಸಾಧ್ಯತೆ ಐತಿ ಅಷ್ಟ" ಎಂದು ಮೇಡಂ ಸ್ಪಷ್ಟವಾಗಿಯೇ ಹೇಳಿದರು. ಭಾವನಿಗೆ ಅದು ಸಮಾಧಾನವಾಗಲಿಲ್ಲ. ಬೇಲಿ ಕಿತ್ತು ತೋಡಿದ ಮೇಲೂ ಉಪ್ಪು ಬಂದರೆ ಮನೆಯೂ ಹೋಯಿತು, ಮರ್ಯಾದೆಯೂ ಹೋಯಿತು ಎಂದರು. ವಿಷಯ ಕೇಳಿದ ನಾಗವೇಣಿ ಮಾತ್ರ ತಾನೇ ಬಂದು "ಕೀಳಿ ಅತ್ಲಾಗೆ" ಎಂದು ಬೇಲಿಯ ಗೂಟಕ್ಕೆ ಕೈ ಹಾಕಿದಳು.

ಸಿಹಿಯೋ ಉಪ್ಪೋ ಆಗಲೇ ತಿಳಿಯುವುದೆಂದು, ಶಿವರಾತ್ರಿ ಕಳೆದು ಹಳೆಯ ಬಾವಿ ಉಪ್ಪೇರಿದ ಮೇಲೆಯೇ ಬೇಲಿಯ ಜಾಗದಲ್ಲಿ ತೋಡಿಸಿದರು. ನೀರು ಕಂಡ ದಿನ ನಾನೂ ಇದ್ದೆ. ಕೆಸರು ತಿಳಿಯಾಗುವವರೆಗೆ ಎಲ್ಲರೂ ಬಾವಿಯೊಳಗೆ ಬಗ್ಗಿ ನೋಡುತ್ತ ಕಾದೆವು. ಅಕ್ಕ ಬೊಗಸೆ ತುಂಬಿಕೊಂಡಳು, ಆದರೆ ಬಾಯಿಗೆ ಒಯ್ಯಲಿಲ್ಲ. ನಾಗವೇಣಿಯ ಮುಂದೆ ಹಿಡಿದು, "ನೀನೇ ಕುಡಿ ನೋಡು. ನನ್ನ ನಾಲಗೆಗೆ ಉಪ್ಪೇ ರೂಢಿ ಆತು" ಎಂದಳು.

ನಾಗವೇಣಿ ಕಣ್ಣು ಮುಚ್ಚಿ ಕುಡಿದಳು. ಆಮೇಲೆ ಹಳೆಯ ಜಗಳದ ದನಿಯಲ್ಲೇ, ಕೇರಿಗೆಲ್ಲ ಕೇಳುವಂತೆ ಕೂಗಿದಳು: "ಇದು ನಮ್ಮ ಬಾವಿದೇ ನೀರು!"

ಗೇಣು ನೆಲಕ್ಕೂ ಸೋಲದ ನನ್ನ ಅಕ್ಕ, "ಹೌದೇ ಮಾರಾಯ್ತಿ, ನಿಂದೇ, ನಿಂದೇ" ಎನ್ನುತ್ತ ಅಳುವುದಕ್ಕೂ ನಗುವುದಕ್ಕೂ ಒಟ್ಟಿಗೇ ಶುರುಮಾಡಿದಳು.