ವೀರಾಚಾರ್ ಬರೆದ ಚಿತ್ರ

ಬ್ರೂಕ್‌ಫೀಲ್ಡಿನ ಹೊಸ ಹೋಟೆಲಿನ ಗೋಡೆ ಮೇಲೆ ಕರುವಿಗೆ ಹುಲ್ಲು ತಿನ್ನಿಸುತ್ತಿರುವ ಹುಡುಗಿಯನ್ನು ಕಂಡು ವನಜಮ್ಮ ಕಾಫಿ ಮರೆತರು. ಅರವತ್ತರ ದಶಕದ ಒಂದನೇ ತರಗತಿ ಪುಸ್ತಕಕ್ಕೆ ಅವರ ಅಪ್ಪ ವೀರಾಚಾರ್ ಬರೆದ ಚಿತ್ರವದು. ಪುಸ್ತಕದಲ್ಲಿ ಪಾಠ ಬರೆದವರ ಹೆಸರಿತ್ತು, ಅಪ್ಪನದಿರಲಿಲ್ಲ. "ಮುಂದಿನ ಸಲ ಹಾಕ್ತಾರಂತೆ" ಎನ್ನುತ್ತಲೇ ಅವರು ತೀರಿಕೊಂಡಿದ್ದರು.

ವನಜಮ್ಮ ಮ್ಯಾನೇಜರನ್ನು ಕರೆದರು. "ಇದು ನಮ್ಮಪ್ಪ ಬರೆದಿದ್ದು ಕಣಪ್ಪ. ಕೆಳಗೆ ಹೆಸರು ಹಾಕಿಸ್ತೀಯಾ?"

"ನೆಟ್‌ನಲ್ಲಿ ಸಿಕ್ಕಿದ್ದು ಆಂಟಿ. ಅವರೇ ಬರೆದಿದ್ದು ಅನ್ನೋಕೆ ಪ್ರೂಫ್ ಏನಿದೆ?"

"ಆ ಹುಡುಗಿ ನಾನೇ. ಅಲ್ಲಾಡಬೇಡ ಅಂತ ಬೈದು ಕೂರಿಸಿದ್ರು."

ಅವನ ಮುಖ ಅರಳಿತು. ವನಜಮ್ಮನನ್ನು ಚಿತ್ರದ ಪಕ್ಕ ನಿಲ್ಲಿಸಿ ಫೋಟೊ ತೆಗೆದ.

ಮರುದಿನ ಹೋಟೆಲಿನವರು ನೆಟ್‌ನಲ್ಲಿ ಹಾಕಿದ್ದ ಆ ಫೋಟೊವನ್ನು ಮೊಮ್ಮಗಳು ಫೋನಿನಲ್ಲಿ ತೋರಿಸಿದಳು. ಕೆಳಗೆ "ಚಿತ್ರದ ಹುಡುಗಿ ಇವರೇ!" ಎಂದು ಶುರುವಾಗುವ ಬರಹವಿತ್ತು. ವನಜಮ್ಮ ಕೊನೆಯವರೆಗೂ ಓದಿದರು. ಅಪ್ಪನ ಹೆಸರು ಎಲ್ಲೂ ಇರಲಿಲ್ಲ.

"ಆಟೋ ಕರಿಯೇ, ಇನ್ನೊಂದ್ಸಲ ಹೋಗ್ಬರ್ತೀನಿ" ಎಂದು ಸಿಡುಕಿ ಎದ್ದರು.