ಹಾರ್ನಿಗೊಂದು ಬ್ಯಾಟರಿ

ದುಗ್ಗಪ್ಪ ಹೆಮ್ಮಾಡಿಯ ಒಳದಾರಿಗಳಲ್ಲಿ ಬೈಕಿನ ಮೇಲೆ ಮೀನು ಮಾರುವವನು. ಬಾಯಿಬಿಟ್ಟು ಕೂಗುವುದಿಲ್ಲ. ಇಂಜಿನ್ ಆರಿಸಿ ಹಾರ್ನನ್ನು ಉದ್ದಕ್ಕೆ ಒತ್ತಿದರೆ, ತೋಟದಾಚೆಯಿಂದ ಹೆಂಗಸರು ಪಾತ್ರೆ ಹಿಡಿದು ಬರುತ್ತಾರೆ. ಈಚೆಗೆ ಆ ಹಾರ್ನು ನಾಯಿಮರಿಯಂತೆ ಕುಂಯ್‌ಗುಟ್ಟತೊಡಗಿ, ಅರ್ಧ ಮೀನು ಬುಟ್ಟಿಯಲ್ಲೇ ಉಳಿಯುತ್ತಿತ್ತು. ಕೊನೆಗೆ ಒಂದು ದಿನ ವ್ಯಾಪಾರ ಬಿಟ್ಟು, ಖಾಲಿ ಬುಟ್ಟಿಯೊಂದಿಗೇ ಕೋಟೇಶ್ವರದ ಬ್ಯಾಟರಿ ಅಂಗಡಿಗೆ ಬಂದ.

“ದೊಡ್ಡದೇ ಕೊಡ್ ಮಗಾ.”

ಅಂಗಡಿಯ ಚೇತನಾ ದೊಡ್ಡ ಬ್ಯಾಟರಿಯೊಂದನ್ನು ಇಟ್ಟು ನೋಡಿದಳು. “ಇದ್ ಬೈಕಿನೊಳ್ಗ್ ಕೂರೂದಿಲ್ಲೆ ದುಗ್ಗಪ್ಪಣ್ಣ. ಹಳೇ ಅಳತಿದೇ ಸಾಕ್. ಆರೆ ಅದ್ ಇಷ್ಟ್ ಬೇಗ ಎಂತಕ್ ಸತ್ತದ್ದ್? ಇಂಜಿನ್ ಬಂದ್ ಮಾಡಿ ಹಾರ್ನ್ ಹಾಕ್ತ್ರಿಯಾ?”

“ಮತ್ತೆ? ಇಂಜಿನ್ ಗಲಾಟಿಲಿ ಹಾರ್ನ್ ಯಾರಿಗ್ ಕೇಂತ್?”

“ಹಾಂಗಾರೆ ಎಷ್ಟ್ ದೊಡ್ಡದ್ ಹಾಕ್ರೂ ಸಾಯ್ತ್. ಇಂಜಿನ್ ಓಡ್ರೆ ಮಾತ್ರ ಚಾರ್ಜ್ ಆಪ್ದ್.”

ಇಂಜಿನ್ ಸದ್ದಿನಲ್ಲೂ ಹಾರ್ನು ಕೇಳಿಸೀತೆಂದು ದುಗ್ಗಪ್ಪನಿಗೆ ನಂಬಿಕೆ ಬರಲಿಲ್ಲ. ಆದರೂ ಹಳೆಯ ಅಳತೆಯದನ್ನೇ ಕೂರಿಸಿಕೊಂಡು, ಇಂಜಿನ್ ಓಡುತ್ತಿರುವಾಗಲೇ ಹಾರ್ನ್ ಒತ್ತಿದ. ದೂರಕ್ಕೆ ಕೇಳಿಸಿತೋ ಇಲ್ಲವೋ, ಇಲ್ಲಿ ನಿಂತು ತಿಳಿಯುವುದು ಹೇಗೆ?

ಅಷ್ಟರಲ್ಲಿ ಹಿಂದಿನ ಓಣಿಯ ಕೊನೆಯ ಮನೆಯಿಂದ ಹೆಂಗಸೊಬ್ಬಳು ಪಾತ್ರೆ ಹಿಡಿದು ಓಡಿಬಂದಳು. “ಹ್ವಾಯ್, ಬಂಗ್ಡಿ ಮೀನ್ ಇತ್ತಾ?”

ಚೇತನಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ದುಗ್ಗಪ್ಪ ಖಾಲಿ ಬುಟ್ಟಿಯನ್ನು ತೋರಿಸಿದ.

“ಇವತ್ತಿಲ್ಲೆ ಅಕ್ಕಾ, ನಾಳೆ ಬತ್ತೆ,” ಎಂದವನು ಚೇತನಾಳತ್ತ ತಿರುಗಿದ. “ಇದೇ ಇರ್ಲಿ ಮಗಾ.”